ಜಾಣಕಿವುಡಿನ ಅರಸ ತಿಲ್ಲ

ನಮ್ಮ ಅರಸ ತಿಲ್ಲನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಯಾವ ಕಿವಿ ಎಂಬುದು ಮಾತ್ರ ಅವನು ಬದುಕಿದ್ದಷ್ಟು ಕಾಲ ಯಾರಿಗೂ ಖಚಿತವಾಗಲಿಲ್ಲ. ಹರೆಯದಲ್ಲಿ ಯಾವುದೋ ಗಡಿಜಗಳದಲ್ಲಿ ಗುರಾಣಿಯ ಅಂಚು ತಲೆಗೆ ಬಡಿದು ಹಾಗಾಯಿತೆಂದು ಹಿರಿಯರು ಹೇಳುತ್ತಿದ್ದರು. ಬಲಗಿವಿಯೇ ಕಿವುಡೆಂದು ಲೆಕ್ಕ ಹಾಕಿ ಎಡಕ್ಕೆ ಬಂದು ಕೂತು ಕೋರಿಕೆ ಸಲ್ಲಿಸಿದವನು ಎರಡೆರಡು ಸಲ ಅರಚಿದರೂ ಅರಸ ಪ್ರಸನ್ನಮುಖದಿಂದ ಹವಾಮಾನದ ವಿಚಾರ ಮಾತಾಡುತ್ತಿದ್ದ. ಅದೇ ಸಂಜೆ ಹಜಾರದ ಆ ತುದಿಯಲ್ಲಿ, ನಾಯಿಗಳ ಗುರುಗುಟ್ಟುವಿಕೆಯ ನಡುವೆ, ಅಡುಗೆಯವಳು ತನ್ನ ಗೆಳತಿಯ ಕಿವಿಯಲ್ಲಿ ಉಸುರಿದ ಸಂಕಟ ಅವನಿಗೆ ಮುಟ್ಟಿಬಿಡುತ್ತಿತ್ತು, ಮರುದಿನ ಅವಳ ಮನೆಗೆ ಒಂದು ಹಂದಿಮರಿ ಹೋಗುತ್ತಿತ್ತು. ಕಿವುಡರು ಬಹಳ ಮಂದಿಯನ್ನು ನೋಡಿದ್ದೇನೆ, ಜಾಣರನ್ನೂ ಕಂಡಿದ್ದೇನೆ. ಎರಡನ್ನೂ ಅಷ್ಟು ಹದವಾಗಿ ಬೆರೆಸಿ ಅದರಿಂದ ಒಂದು ರಾಜ್ಯವನ್ನೇ ಆಳಿದವನು ಅವನೊಬ್ಬನೇ.

ನಾನು ಇಬ್ಬ, ಅಸ್ಕೊಂಬಿನ ಮರದ ಚರ್ಚಿನ ಪಾದ್ರಿ. ಬೆಟ್ಟದ ಸಾಲಿಗೂ ಕಡಲಿಗೂ ನಡುವೆ ಇರುವ ನಮ್ಮ ಈ ಪುಟ್ಟ ಸೀಮೆಯಲ್ಲಿ ಲ್ಯಾಟಿನ್ ಬರೆಯಬಲ್ಲವನು ಆಗ ನಾನೊಬ್ಬನೇ ಆದ್ದರಿಂದ ಅರಸ ಕೊಟ್ಟ ಭೂಮಿಯ ದಾನಪತ್ರಗಳೆಲ್ಲ ನನ್ನ ಕೈಯಿಂದಲೇ ಆದವು. ಆ ತೊಗಲಿನ ಹಾಳೆಗಳಲ್ಲಿ ಅವನು ತಿಲ್‌ಮುಂಡ್. ಊರವರ ಬಾಯಲ್ಲಿ ಬರೀ ತಿಲ್ಲ.

ಎತ್ತರದ ಆಳಲ್ಲ. ಅಗಲವಾದ ಭುಜ, ಗಾಳಿಗೆ ಒಣಗಿ ಕೆಂಪಾದ ಮೂಗು, ತಾನಾಗಿಯೇ ಎರಡು ಕವಲೊಡೆದ ನರೆಗಡ್ಡ. ಉಪ್ಪುನೀರಿನ ಜೌಗಿನಲ್ಲಿ ಸಾಕುತಾಯಿಯ ಮನೆಯಲ್ಲಿ ಬೆಳೆದವನಾದ್ದರಿಂದ ಪ್ರತಿಯೊಂದು ಹೆಜ್ಜೆಯನ್ನೂ ಮೊದಲು ಮೆಲ್ಲಗೆ ಊರಿ, ನೆಲ ತಡೆಯುತ್ತದೆಂದು ಖಾತ್ರಿಯಾದ ಮೇಲೆ ಮೈಭಾರ ಬಿಡುವುದು ಅವನ ಅಭ್ಯಾಸ. ಗಟ್ಟಿಯಾಗಿ ದಮ್ಮಸು ಮಾಡಿದ ಹಜಾರದ ನೆಲದ ಮೇಲೂ, ಚರ್ಚಿನ ಹಲಗೆಯ ಮೇಲೂ ಹಾಗೆಯೇ ನಡೆಯುತ್ತಿದ್ದ. ದೂರದಿಂದ ನೋಡಿದವರಿಗೆ ಈ ಮನುಷ್ಯ ಏನನ್ನೋ ಕದಿಯಲು ಹೊರಟಿದ್ದಾನೆ ಎನಿಸಬೇಕು.

ಮೈಮೇಲೆ ಸದಾ ನೀರುನಾಯಿಯ ಚರ್ಮದ ಒಂದು ಮೇಲಂಗಿ. ಅದು ಅವನ ತಂದೆಯದಂತೆ. ಕೂದಲುದುರಿ, ಭುಜದ ಬಳಿ ಹಂದಿಯ ತೊಗಲಿನ ತೇಪೆ ಬಿದ್ದು, ಮಳೆ ಬಂದ ದಿನ ಅದರಿಂದ ಏಳುತ್ತಿದ್ದ ವಾಸನೆಗೆ ಪೂಜೆಯ ನಡುವೆ ನನ್ನ ಮಂತ್ರವೇ ತಪ್ಪುತ್ತಿತ್ತು. ಅವನ ಹೆಂಡತಿ ತೆಟ್ಟೆ ಅಚ್ಚುಕಟ್ಟಿನ ಹೆಂಗಸು, ನಾಲಗೆ ಚುರುಕು. ಒಂದು ವಸಂತದಲ್ಲಿ ಆಕೆ ಆ ಮೇಲಂಗಿಯನ್ನು ಯಾರಿಗೂ ಹೇಳದೆ ಗೊಬ್ಬರದ ತಿಪ್ಪೆಯಲ್ಲಿ ಹೂತಳು. ನಾಯಿಗಳು ಅದನ್ನು ಕೆದರಿ ತೆಗೆದು ಮೆರವಣಿಗೆಯಂತೆ ಹಜಾರದೊಳಕ್ಕೆ ಎಳೆದು ತಂದವು. ಅರಸ ಅದನ್ನು ಕೊಡವಿ, ತೊಟ್ಟುಕೊಂಡು, ಊಟಕ್ಕೆ ಕೂತ. ಅಂದು ರಾತ್ರಿಯೂಟಕ್ಕೆ ಅವನ ಪಕ್ಕದಲ್ಲಿ ಬೇರೆ ಯಾರೂ ಕೂರಲಿಲ್ಲ.

ಹಟ ಎಂದರೆ ಹಟವೇ. ಭೂಮಿ ಕೊಡುವ ಮೊದಲು ಅದರ ಎಲ್ಲೆಯನ್ನು ತಾನೇ ನಡೆದು ನೋಡಬೇಕು. ಬೇರೆ ಅರಸರು ಕುದುರೆಯ ಮೇಲೆ ಕೂತು ಬೆರಳು ತೋರಿಸಿ ಹಂಚಿಬಿಡುತ್ತಿದ್ದರಂತೆ; ಇವನು ಮುಳ್ಳುಬೇಲಿಯಿಂದ ಹಳೆಯ ಗುಡ್ಡೆಗೋರಿಗೆ, ಗೋರಿಯಿಂದ ಕಪ್ಪೆಹಳ್ಳಕ್ಕೆ, ಹಳ್ಳದಿಂದ ಸಿಡಿಲು ಬಡಿದ ಓಕ್ ಮರಕ್ಕೆ ತನ್ನ ಆ ಕಳ್ಳಹೆಜ್ಜೆಯಲ್ಲಿ ಹೋಗುವುದು, ಹಿಂದೆ ಬರೆದುಕೊಳ್ಳಲು ಮೇಣದ ಹಲಗೆ ಹಿಡಿದು ನಾನು, ನನ್ನ ಹಿಂದೆ ಜಗಳವಾಡುತ್ತ ಎರಡೂ ಕಡೆಯ ಒಕ್ಕಲು. ಅವರ ವಾದ ತಾರಕಕ್ಕೇರಿದಾಗ ಅವನ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು. "ಅದಿರಲಿ, ನೀರು ಯಾವ ಕಡೆ ಹೋಗುತ್ತೆ?" ಎಷ್ಟೋ ವ್ಯಾಜ್ಯಗಳು ಅಲ್ಲಿಗೇ ಮುಗಿದದ್ದನ್ನು ನಾನು ನೋಡಿದ್ದೇನೆ. ಮುಗಿಯದವನ್ನೂ ನೋಡಿದ್ದೇನೆ, ಆಗ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಓದು ಅವನಿಗೆ ಬಾರದು. ಆದರೆ ಪತ್ರ ಸಿದ್ಧವಾಗಿ ಶಿಲುಬೆಯ ಗುರುತು ಹಾಕುವ ಮುನ್ನ ಕೈಯನ್ನು ಮೇಲಂಗಿಗೆ ಒರೆಸಿಕೊಂಡು, ತನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಡುತ್ತಿದ್ದ. ಗೂಟ ನೆಟ್ಟ ಬೇಲಿಯಂತೆ ಕಾಣುವ ಅಕ್ಷರಗಳು ತಾನು. ಅದರ ಮುಂದೆ ಬರುವ, ಅಡ್ಡಡ್ಡ ಇಟ್ಟ ಎರಡು ಕಡ್ಡಿಯಲ್ಲಿ ಕೊನೆಯಾಗುವ 'ರೆಕ್ಸ್' ಎಂಬ ಮಾತು ತನ್ನ ಬಾಲ. ರೆಕ್ಸ್ ಎಂದರೆ ಅರಸ ಎಂದು ನಾನು ವಿವರಿಸಿದ್ದೆ. ಅಷ್ಟು ದೊಡ್ಡ ಮಾತು ಇಷ್ಟು ಚಿಕ್ಕದಾಗಿರುವುದು ಅವನಿಗೆ ಬಹಳ ಹಿಡಿಸಿತ್ತು.

ಅವನ ಬಾಳಿನ ಮುಖ್ಯ ಸಂಗತಿ ನಡೆದದ್ದು ಎಲ್ಮಿಯರ್ ಎಂಬ ಜೌಗಿನ ಕಾರಣದಿಂದ. ಅದು ಅವನು ಬೆಳೆದ ಜಾಗ. ಜೊಂಡು, ಕೆಸರು, ಉಪ್ಪು ಕಾಯಿಸುವ ಒಲೆಗಳು, ಬುಟ್ಟಿಬಲೆಗೆ ಬೀಳುವ ಹಾವುಮೀನು. ಇಷ್ಟು ಬಿಟ್ಟರೆ ಅಲ್ಲಿ ಯಾರೂ ಆಸೆಪಡುವಂಥದ್ದು ಇರಲಿಲ್ಲ. ಒಂದು ಕೆಟ್ಟ ಚಳಿಗಾಲದ ನಂತರ ಅಲ್ಲಿಗೆ ಒಬ್ಬೊಬ್ಬರಾಗಿ ಜನ ಬರತೊಡಗಿದರು. ಬೆಟ್ಟದ ಆಚೆ, ನದಿಯ ಆಚೆ, ಬಡಗಣ ದೊಡ್ಡರಸನ ನಾಡಿನಲ್ಲಿ ದಾಸರಾಗಿ ಇದ್ದು ತಪ್ಪಿಸಿಕೊಂಡವರು ಅವರು. ಮೊದಲು ಬಂದವಳು ಬುಗ್ಗೆ ಎಂಬ ಗಟ್ಟಿಗಿತ್ತಿ. ಅವಳ ಕತ್ತಿನ ಸುತ್ತ ಕಬ್ಬಿಣದ ಪಟ್ಟಿ ಸವೆಸಿದ ಗುರುತು ಬಿಳಿಯ ದಾರದಂತೆ ಉಳಿದಿತ್ತು. ಅರಸ ಹಾವುಮೀನಿನ ಬಲೆ ನೋಡುವ ನೆಪದಲ್ಲಿ ಅಲ್ಲಿಗೆ ಹೋದಾಗ ಅವಳು ಮಂಡಿಯೂರಲಿಲ್ಲ, ಅಳಲೂ ಇಲ್ಲ. ಈ ಊರಿನ ಬುಟ್ಟಿಯ ಹೆಣಿಗೆ ಸರಿಯಿಲ್ಲ, ಮೀನು ಅರ್ಧಕ್ಕರ್ಧ ಜಾರಿಹೋಗುತ್ತದೆ ಎಂದಳು. ಹೊಸದೊಂದನ್ನು ಹೆಣೆದು ತೋರಿಸೆಂದು ಹೇಳಿ ಅವನು ಸಂಜೆಯವರೆಗೆ ಅಲ್ಲೇ ಕೂತಿದ್ದ. ಹಿಂದಿರುಗುವಾಗ ನನ್ನೊಡನೆ ಮಾತಾಡಿದ್ದು ಬುಟ್ಟಿಯ ವಿಷಯವೊಂದೇ.

ದೊಡ್ಡರಸನಿಗೆ ನಾವು ಕಪ್ಪ ಕೊಡುವವರು. ಅವನ ಕಡೆಯ ಸರದಾರ ವುಲ್ಫರ್ಡ್ ಎಂಬವನ ಹೊಲಗಳಿಂದಲೇ ಈ ಜನ ಓಡಿಬಂದಿದ್ದರು. ಅವನ ದೂತರು ಬರತೊಡಗಿದ್ದು ಸಹಜ. ಮೊದಲನೆಯ ದೂತ ನಮ್ಮ ಹಜಾರದ ನಡುವೆ ನಿಂತು, ಎಲ್ಮಿಯರಿನಲ್ಲಿ ಇರುವುದನ್ನು ತನ್ನ ಒಡೆಯ ವಾಪಸು ಕೇಳುತ್ತಿದ್ದಾನೆ ಎಂದು ಗಂಭೀರವಾಗಿ ಸಾರಿದ. ಅರಸ ತಲೆಯನ್ನು ಒಂದು ಬದಿಗೆ ವಾಲಿಸಿ ಶ್ರದ್ಧೆಯಿಂದ ಕೇಳಿ, ಪಕ್ಕದಲ್ಲಿದ್ದ ಹೆಂಡತಿಗೆ ಎಲ್ಲರಿಗೂ ಕೇಳುವಂತೆ ಹೇಳಿದ: "ಹಾವುಮೀನು ಬೇಕಂತೆ. ಪಾಪ, ಅವರ ಕಡೆ ಸಿಗಲ್ಲ. ಹೊಗೆ ಹಾಕಿದ್ದು ಕಳಿಸೋಣ, ಕೆಡಲ್ಲ."

ಮೀನು ಹೋಯಿತು. ಮತ್ತೊಬ್ಬ ದೂತ ಬಂದ, ದೊಡ್ಡ ಗಂಟಲಿನವನನ್ನೇ ಆರಿಸಿ ಕಳಿಸಿದ್ದರು. ಅವನು ಮನುಷ್ಯರು, ಗಂಡಸರು, ಹೆಂಗಸರು ಎಂದು ಬಿಡಿಸಿ ಬಿಡಿಸಿ ಕೂಗಿದ. ಹೆಂಗಸರಿಗೂ ಬೇರೆಯಾಗಿ ಮೀನು ಕಟ್ಟಿಸಬೇಕೆಂದು ಅರಸ ಅಪ್ಪಣೆ ಮಾಡಿದ. ಹೀಗೆ ವರ್ಷಗಳು ಕಳೆದವು. ವುಲ್ಫರ್ಡ್‌ನ ಮನೆಯಲ್ಲಿ ಉಪವಾಸದ ಕಾಲದಲ್ಲಿ ಹಾವುಮೀನು ಬಿಟ್ಟು ಬೇರೆ ತಿನ್ನುವಂತಿರಲಿಲ್ಲವೆಂದು ಹೇಳಿ ನಮ್ಮವರು ನಗುತ್ತಿದ್ದರು. ಎಲ್ಮಿಯರಿನಲ್ಲಿ ಗುಡಿಸಲು ಹೆಚ್ಚಿದವು, ಮಕ್ಕಳು ಹುಟ್ಟಿದವು, ನಾನು ಹೋಗಿ ನೀರು ಹಾಕಿ ಹೆಸರಿಟ್ಟು ಬಂದೆ.

ನಗು ನಿಂತದ್ದು ಒಂದು ಶರತ್ಕಾಲದಲ್ಲಿ. ವುಲ್ಫರ್ಡ್‌ನ ಸವಾರರು ಬೆಟ್ಟವಿಳಿದು ಬಂದು, ಜೌಗಿನ ಅಂಚಿನಲ್ಲಿ ಜೊಂಡು ಕೊಯ್ಯುತ್ತಿದ್ದ ಗಂಡಹೆಂಡಿರನ್ನೂ ಅವರ ಎಳೆಗೂಸನ್ನೂ ಹಿಡಿದು, ಪೂರ್ವದ ಬಂದರಿಗೆ ಒಯ್ದು ಕಡಲಾಚೆಯ ವರ್ತಕರಿಗೆ ಮಾರಿಬಿಟ್ಟರು. ಸುದ್ದಿ ತಂದವಳು ಬುಗ್ಗೆ. ಅವಳು ಯಾವ ಬದಿಯಲ್ಲಿ ನಿಂತು ಹೇಳಿದಳೋ ನನಗೆ ನೆನಪಿಲ್ಲ; ಅವನಿಗೆ ಪೂರ್ತಿ ಕೇಳಿಸಿತು. ಅವರನ್ನು ಬಿಡಿಸಿ ತರಲು ಅವನು ಕಳಿಸಿದ ಆಳುಗಳು ಬಂದರು ಮುಟ್ಟುವಷ್ಟರಲ್ಲಿ ಹಡಗು ಹೊರಟುಹೋಗಿತ್ತು. ಆ ಮೇಲೆ ಬಹಳ ದಿನ ಅವನು ಊಟದ ಹಲಗೆಯ ಮುಂದೆ ಕೂತು ಬಾರ್ಲಿ ರೊಟ್ಟಿಯನ್ನು ಪುಡಿಮಾಡಿ ನಾಯಿಗಳಿಗೆ ಹಾಕಿ ಎದ್ದುಬಿಡುತ್ತಿದ್ದ.

ಅವನಿಗೆ ಗಂಡು ಮಕ್ಕಳಿರಲಿಲ್ಲ. ಅಣ್ಣನ ಮಗ ಎಡ್ರಿಕ್ ಮುಂದಿನ ಅರಸನೆಂದು ಎಲ್ಲರೂ ತಿಳಿದಿದ್ದರು. ಚೆಲುವ, ಧೈರ್ಯಸ್ಥ, ಕತ್ತಿಯನ್ನು ಕೈಗಿಂತ ಹೆಚ್ಚು ಪ್ರೀತಿಸುವ ವಯಸ್ಸು. ಯುದ್ಧಕ್ಕೆ ಹೋಗೋಣವೆಂದು ಅವನು ಹಟ ಹಿಡಿದ. ತಿಲ್ಲ ಅವನನ್ನು ಬೈಯಲಿಲ್ಲ. ಜೊತೆಗೆ ಕರೆದುಕೊಂಡು ಊರೂರು ಸುತ್ತಿ, ಈಟಿ ಹಿಡಿಯಬಲ್ಲ ಒಬ್ಬೊಬ್ಬನನ್ನೂ ಅವನ ಹೊಲದಲ್ಲೇ ಮಾತಾಡಿಸಿ, ಹೆಂಡತಿ ಮಕ್ಕಳ ಹೆಸರು ಕೇಳಿ, ಕೊನೆಗೆ ಬೆಟ್ಟದ ನೆತ್ತಿಯ ಮೇಲೆ ತನ್ನ ತಂದೆಯ ಗುಡ್ಡೆಗೋರಿಯ ಪಕ್ಕದಲ್ಲಿ ಕೂರಿಸಿ, ಇವರಲ್ಲಿ ಯಾರು ಯಾರು ಸಾಯಬೇಕೆಂದು ನೀನೇ ಹೇಳು ಎಂದನಂತೆ. ಎಡ್ರಿಕ್ ಉತ್ತರ ಕೊಡಲಿಲ್ಲ. ಉತ್ತರವಿಲ್ಲದಂತೆ ಮಾಡಿದ್ದಕ್ಕಾಗಿ ಚಿಕ್ಕಪ್ಪನನ್ನು ಕ್ಷಮಿಸಲೂ ಇಲ್ಲ.

ವಸಂತದಲ್ಲಿ ದೊಡ್ಡರಸ ತಾನೇ ದಕ್ಷಿಣಕ್ಕೆ ಬಂದು ನದಿಯನ್ನು ನಡೆದು ದಾಟುವ ಹಾಯ್ಗಡದ ಬಳಿ ಹುಲ್ಲುಗಾವಲಿನಲ್ಲಿ ಸಭೆ ಕರೆದ. ನಾವು ಕೆಲವರೇ ಹೋದೆವು. ತೆಟ್ಟೆ ಬಂದಳು, ಎಡ್ರಿಕ್ ಬಂದ. ಹೊಸ ಚಿಗುರಿನ ಮರಗಳ ಕೆಳಗೆ ಡೇರೆಗಳು, ಅವನ ಬಿಷಪ್ಪರು, ಅವನ ಬರಹಗಾರರು, ಎಣಿಸಲಾರದಷ್ಟು ಕುದುರೆ. ದೊಡ್ಡರಸ ಕೆಟ್ಟ ಮನುಷ್ಯನೇನಲ್ಲ ಎಂದು ಈಗ ನನಗೆ ತೋರುತ್ತದೆ. ನದಿಯಿಂದ ಕಡಲಿನವರೆಗೆ ಅರಸ ಎಂಬ ಹೆಸರು ತನ್ನೊಬ್ಬನಿಗೇ ಇರಬೇಕೆಂಬ ಆಸೆ ಅವನನ್ನು ಹಿಡಿದಿತ್ತು, ಉಳಿದ ವಿಷಯಗಳಲ್ಲಿ ಅವನಿಗೆ ಆಸಕ್ತಿ ಕಡಿಮೆ.

ವುಲ್ಫರ್ಡ್ ತನ್ನ ದೂರನ್ನು ಹೇಳಿಕೊಂಡ. ಹಾವುಮೀನಿನ ಪ್ರಸ್ತಾಪ ಬಂದಾಗ ಸಭೆಯಲ್ಲಿ ಅಲ್ಲಲ್ಲಿ ಕೆಮ್ಮು ಕೇಳಿಸಿತು. ದೊಡ್ಡರಸ ನಗಲಿಲ್ಲ.

"ನೋಡು ತಿಲ್ಲ," ಎಂದ ಅವನು, ಬೇಸರದ ದನಿಯಲ್ಲಿ. "ಅವರನ್ನ ವಾಪಸ್ ಕೊಟ್ಟು ನೀನು ಅರಸನಾಗಿ ಇರು. ಇಲ್ಲ, ಅವರನ್ನ ಇಟ್ಕೋ, ನನ್ನ ಕೈಕೆಳಗಿನ ನಾಯಕರಲ್ಲಿ ಒಬ್ಬ ಅನ್ನಿಸ್ಕೊಂಡಿರು. ಎರಡೂ ಆಗಲ್ಲ. ಈ ಸಲ ನಿನಗೆ ಕೇಳಿಸ್ತೋ?"

ಅರಸನ ತಲೆ ಯಾವ ಬದಿಗೆ ವಾಲುತ್ತದೆಂದು ನಾವೆಲ್ಲ ನೋಡುತ್ತಿದ್ದೆವು. ಅದು ನೆಟ್ಟಗೇ ಇತ್ತು.

"ಕೇಳಿಸ್ತು," ಎಂದ. "ಎರಡು ಕಿವಿಗೂ. ಇಟ್ಕೋತೀನಿ. ಆದ್ರೆ ಬಾಯಿಮಾತು ಬೇಡ, ಬರೆದು ಕೊಡಿ. ಎಲ್ಮಿಯರನ್ನ ಇಬ್ಬನ ಚರ್ಚಿಗೆ ಕೊಡ್ತೀನಿ, ಅದಕ್ಕೆ ನೀವೂ ಗುರುತು ಹಾಕಿ. ಬರೆಯೋದಾದ್ರೆ ಪೂರ್ತಿ ಬರೀಲಿ. ಜೌಗು, ಜೊಂಡು, ಮೀನು, ಅಲ್ಲಿ ಹುಟ್ಟಿದವರು, ಹೊರಗಿನಿಂದ ಬಂದವರು."

ಚರ್ಚಿನ ಆಸ್ತಿಯಾದ ಮೇಲೆ ಆ ಜನರ ಮೇಲೆ ಯಾವ ಸರದಾರನೂ ಕೈಮಾಡುವಂತಿರಲಿಲ್ಲ. ವುಲ್ಫರ್ಡ್‌ಗೆ ಇದು ಹೊಳೆದು ಅವನು ಎದ್ದುನಿಂತ. ಹೊರಗಿನಿಂದ ಬಂದವರು ಎಂಬ ಮಾತು ಯಾವ ಪತ್ರದಲ್ಲೂ ಬರುವ ವಾಡಿಕೆಯಿಲ್ಲವೆಂದು ದೊಡ್ಡರಸನ ಬರಹಗಾರನೂ ತಗಾದೆ ತೆಗೆದ. ತಿಲ್ಲ ದೊಡ್ಡರಸನ ಮುಖವನ್ನೇ ನೋಡುತ್ತ ನಿಂತ. ದೊಡ್ಡರಸ ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, ಬರೆಯೆಂದು ಕೈಸನ್ನೆ ಮಾಡಿದ. ತಾನು ಬಯಸಿದ್ದು ಒಂದು ಜೌಗಿನ ಬೆಲೆಗೆ ಸಿಕ್ಕಿತಲ್ಲ ಎಂದುಕೊಂಡಿರಬೇಕು.

ತೊಗಲಿನಲ್ಲಿ ಶಾಯಿ ಆರಿದ ಮೇಲೆ ತಿಲ್ಲ ಕೈ ಒರೆಸಿಕೊಂಡು ಬಂದ. ಹೆಸರನ್ನು ನಾನು ತೋರಿಸಬೇಕಾಗಲಿಲ್ಲ. ತಾನೇ ಹುಡುಕಿ ಬೆರಳಿಟ್ಟ. ಮುಂದಿದ್ದದ್ದು ರೆಕ್ಸ್ ಅಲ್ಲ, 'ದುಕ್ಸ್'. ನಾಯಕ ಎಂದು ಅರ್ಥ. ಓದಲು ಬಾರದವನು ಆ ಎರಡು ಚಿಕ್ಕ ಅಕ್ಷರಗಳ ಬದಲಾವಣೆಯ ಮೇಲೆ ಬೆರಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದ.

"ಬಾಲ ಬದಲಾಯ್ತಲ್ಲ ಇಬ್ಬ," ಎಂದ ಮೆಲ್ಲಗೆ.

"ಹೌದು ದೊರೆ."

"ಕೊನೇಲಿರೋ ಅಡ್ಡಕಡ್ಡಿ ಹಾಗೇ ಬಿಟ್ಟಿದ್ದಾರೆ." ಹಾಗೆಂದವನು ಬಾಗಿ ಶಿಲುಬೆಯ ಗುರುತು ಹಾಕಿದ. ಗೆರೆ ಬೇಕಾದ್ದಕ್ಕಿಂತ ಆಳವಾಗಿ ಬಿದ್ದು ತೊಗಲು ಕೊಂಚ ಹರಿಯಿತು.

ಅಂದಿನ ಔತಣದಲ್ಲಿ ಅವನ ಜಾಗ ವುಲ್ಫರ್ಡ್‌ಗಿಂತ ಕೆಳಗಿನ ಸಾಲಿನಲ್ಲಿತ್ತು. ಅವನು ಅಲ್ಲಿ ಕೂತು ಕುರಿಮಾಂಸ ತಿಂದು, ಜೇನುಮದ್ಯ ಕುಡಿದು, ಪಕ್ಕದವನೊಡನೆ ಹಂದಿಗಳ ರೋಗದ ಬಗ್ಗೆ ಮಾತಾಡಿದ. ಎಡ್ರಿಕ್ ಔತಣಕ್ಕೆ ಬರಲಿಲ್ಲ. ಮರುಬೆಳಗ್ಗೆ ಅವನು ನಮ್ಮೊಂದಿಗೆ ಹಿಂದಿರುಗಲೂ ಇಲ್ಲ. ತಾನು ಅರಸನಾಗಬೇಕಿದ್ದ ನಾಡನ್ನು ಚಿಕ್ಕಪ್ಪ ಮೀನಿನ ಜೊತೆ ಕೊಟ್ಟುಬಿಟ್ಟನೆಂದು ಹೇಳಿ, ದೊಡ್ಡರಸನ ಸೈನ್ಯವನ್ನೇ ಸೇರಿದ. ತಿಲ್ಲ ಅವನಿಗೆ ತನ್ನ ಒಳ್ಳೆಯ ಕುದುರೆಯನ್ನು ಕೊಟ್ಟು ಕಳಿಸಿ, ತಾನು ನಡೆದು ಬಂದ.

ಬೆಟ್ಟದ ಏರಿನಲ್ಲಿ ದಣಿವಾರಿಸಿಕೊಳ್ಳಲು ನಿಂತಾಗ, ತೆಟ್ಟೆ ನಾನು ಇರುವುದನ್ನು ಲೆಕ್ಕಿಸದೆ ಹೇಳಿದಳು: "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು ನೀವು."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿರ್ಲಿಲ್ಲ," ಎಂದಳು ಆಕೆ. "ಆದ್ರೂ ಕೇಳ್ಬೇಕಿತ್ತು."

ಆಕೆ ಮುಂದೆ ನಡೆದಳು. ಅವನು ಬಹಳ ದೂರ ಆಕೆಯ ಹಿಂದೆಯೇ ಬಂದ. ಬೆಟ್ಟದ ನೆತ್ತಿಯಲ್ಲಿ ತಂದೆಯ ಗುಡ್ಡೆಗೋರಿ ಕಂಡಾಗ ಮಾತ್ರ ದಾರಿ ಬಿಟ್ಟು ಅತ್ತ ಹೋಗಿ ಹುಲ್ಲಿನ ಮೇಲೆ ಕೂತ. ಆ ತಂದೆ ಕ್ರಿಸ್ತನ ಹೆಸರು ಕೇಳದೆ ಸತ್ತವನು; ಕತ್ತಿ, ಬಟ್ಟಲುಗಳ ಸಮೇತ ಅಲ್ಲಿ ಮಲಗಿದ್ದಾನೆ. ಹೊತ್ತಾಯಿತೆಂದು ನಾನು ಕರೆಯಲು ಹೋದೆ. ಅಪ್ಪನಿಗೆ ಇದನ್ನು ಹೇಗೆ ಹೇಳುವುದೆಂದು ಗೊತ್ತಾಗುತ್ತಿಲ್ಲ ಎಂದ. ಅವನ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೊಂದೇ ಸಲ. ಪಾದ್ರಿಯಾದವನು ಆಡಬೇಕಾದ ಮಾತುಗಳು ಬಹಳಷ್ಟಿದ್ದವು. ನಾನೂ ಪಕ್ಕದಲ್ಲಿ ಕೂತೆ. ಕೆಳಗೆ ಕಡಲಿನವರೆಗೂ ನಮ್ಮ ಸೀಮೆ ಹೊಗೆಯಾಡುತ್ತಿತ್ತು, ಎಲ್ಲ ಒಲೆಯ ಹೊಗೆ.

ಎಲ್ಮಿಯರಿಗೆ ಸುದ್ದಿ ಹೇಳಲು ಅವನೇ ಹೋದ. ಜನ ಸುತ್ತ ನೆರೆದರು, ಕೆಲವರು ಅತ್ತರು. ಕೊನೆಗೆ ಬುಗ್ಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಹಾಗಾದ್ರೆ ಇನ್ಮೇಲೆ ನಿಮ್ಮನ್ನ ಏನಂತ ಕರೆಯೋದು ದೊರೆ?"

"ಇಷ್ಟು ದಿನ ಏನಂತ ಕರೀತಿದ್ರಿ?"

"ಎದುರಿಗೋ, ಹಿಂದೋ?"

"ಹಿಂದೆ."

ಅವಳು ಸೊಂಟದಿಂದ ಕೈ ತೆಗೆದಳು. "ಕಿವುಡಪ್ಪ ಅಂತ."

"ಕೇಳಿಸಿದೆ," ಎಂದ ತಿಲ್ಲ. "ಹಾಗೇ ಕರೀರಿ."

ಆಮೇಲೆ ಅವನು ಬಾಳಿದ್ದು ಹೆಚ್ಚು ಕಾಲವಲ್ಲ. ವ್ಯಾಜ್ಯಗಳು ಮೊದಲಿನಂತೆ ಅವನ ಬಳಿಗೇ ಬರುತ್ತಿದ್ದವು, ಅವನು ಮೊದಲಿನಂತೆ ಎಲ್ಲೆ ನಡೆಯುತ್ತಿದ್ದ. ನಮ್ಮವರಿಗೆ ಬದಲಾದದ್ದು ನಾನು ಬರೆಯುವ ಒಂದು ಮಾತು ಮಾತ್ರ. ಅದು ಬರೀ ಮಾತು ಎಂದು ನಾನೊಮ್ಮೆ ಸಮಾಧಾನಕ್ಕೆ ಹೇಳಿದಾಗ ಅವನು ನನ್ನನ್ನು ದಿಟ್ಟಿಸಿ, ಬರೀ ಮಾತಾಗಿದ್ದರೆ ಅದರಿಂದ ಇಷ್ಟು ಜನರನ್ನು ಕೊಳ್ಳಲು ಆಗುತ್ತಿತ್ತೇ ಎಂದು ಕೇಳಿದ. ಕೊನೆಯ ಬೇಸಿಗೆಯಲ್ಲಿ ಬಾರ್ಲಿ ಕೊಯ್ಲಿನ ಹೊತ್ತಿಗೆ ಹಾಸಿಗೆ ಹಿಡಿದ. ತೆಟ್ಟೆ ಪಕ್ಕದಲ್ಲಿ ಕೂತು ಈರುಳ್ಳಿಸೊಪ್ಪಿನ ಸಾರು ಕುಡಿಸುತ್ತ, ಅವತ್ತಿನ ಊರಿನ ಜಗಳಗಳನ್ನೆಲ್ಲ ಮೆಲುದನಿಯಲ್ಲಿ ಹೇಳುತ್ತಿದ್ದಳು. ಯಾವ ಬದಿಯಲ್ಲಿ ಕೂರಬೇಕೆಂದು ಆಕೆಗೆ ಮೊದಲಿಂದಲೂ ಗೊತ್ತಿತ್ತು ಎಂದು ನನಗೆ ಆಗ ಅನ್ನಿಸಿತು. ಒಂದು ಮಧ್ಯಾಹ್ನ, ಆಕೆ ಏನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾಗ, ಸದ್ದಿಲ್ಲದೆ ಹೋದ. ಚರ್ಚಿನ ಉತ್ತರದ ಗೋಡೆಯ ಬಳಿ ಹೂತೆವು. ಜೌಗಿನವರು ಹೊತ್ತರು.

ಎಡ್ರಿಕ್ ಪಶ್ಚಿಮದ ಗಡಿಯಲ್ಲಿ ಕಾದಾಡಿ, ಓಡಿಹೋಗಲು ದಾರಿಯಿದ್ದರೂ ಓಡದೆ, ಚೆನ್ನಾಗಿ ಸತ್ತ. ಅವನ ಮೇಲೆ ಒಂದು ಹಾಡಿದೆ. ನಮ್ಮ ಹಜಾರದಲ್ಲೇ ಹಾಡುಗಾರ ತಂತಿ ಮೀಟಿ ಅದನ್ನು ಹಾಡುವಾಗ ಗಂಡಸರು ಬಟ್ಟಲು ಕೆಳಗಿಡುತ್ತಾರೆ, ನಾನೂ ಇಡುತ್ತೇನೆ, ಒಳ್ಳೆಯ ಹಾಡು. ಅದೇ ಹಾಡುಗಾರನನ್ನು ತಿಲ್ಲನ ಮೇಲೆ ಒಂದು ಕಟ್ಟೆಂದು ನಾನು ಕೇಳಿದೆ. ಅವನು ಪ್ರಾಮಾಣಿಕ, ಕೆಲವು ದಿನ ಪ್ರಯತ್ನಪಟ್ಟು, ಹಿಡಿತಕ್ಕೆ ಏನೂ ಸಿಗುತ್ತಿಲ್ಲ ಸ್ವಾಮಿ ಎಂದು ಬಿಟ್ಟುಕೊಟ್ಟ. ಅವನ ತಪ್ಪಲ್ಲ. ಕೆಲವರು ಮಾಡಿದ್ದನ್ನು ಹಾಡಬಹುದು, ಬರೆಯಬಹುದು, ಗೋರಿಯ ಮೇಲೆ ಗುಡ್ಡೆ ಹಾಕಿ ತೋರಿಸಬಹುದು. ದೊಡ್ಡವರ ಮುನಿಸಿಗೂ ಸಣ್ಣವರ ಗುಡಿಸಲಿಗೂ ನಡುವೆ ನಿಂತು, ತಮ್ಮದೆಂದು ಇದ್ದದ್ದನ್ನು ಕೊಟ್ಟು, ಸದ್ದಿಲ್ಲದೆ ಸರಿದುಹೋಗುವ ತಿಲ್ಲನಂಥವರ ಪಾಡು ಬೇರೆ. ಅವರ ಕಾಲದಲ್ಲಿ ಸುಡದೆ ನಿಂತ ಮನೆ ಉಳಿದ ಮನೆಗಳ ಹಾಗೆಯೇ ಕಾಣುತ್ತದೆ, ಮಾರಿಹೋಗದ ಮಗು ಉಳಿದ ಮಕ್ಕಳ ಹಾಗೆಯೇ ಕೆಸರಿನಲ್ಲಿ ಆಡುತ್ತದೆ. ಅವರು ಏನು ಮಾಡಿದರೆಂದು ಮುಂದಿನವರು ಕೇಳಿದರೆ ಕೈಯೆತ್ತಿ ತೋರಿಸಲು ಏನೂ ಇರುವುದಿಲ್ಲ. ಆಗದೇ ಹೋದದ್ದನ್ನು ಯಾರು ಹೇಗೆ ತೋರಿಸಿಯಾರು?